ಉಂಗುರದ ಬೆರಳಿನ ರೆಕ್ಕೆ

"ಯಾರ್ರೀ ಇದಕ್ಕೆ ಕೈ ಇಟ್ಟಿದ್ದು?!"

ದಾಬಸ್‌ಪೇಟೆಯ ಆ ತಗಡಿನ ಶೆಡ್ಡು ಪ್ರಮೋದಾಳ ಕೂಗಿಗೆ ಝಣ್ ಎಂದಿತು.

ಎದುರಿಗೆ ಹೊಸ ಪಾರ್ಕಿಗೆಂದು ತಯಾರಾಗುತ್ತಿದ್ದ, ಜಿರಾಫೆಯಷ್ಟು ಎತ್ತರದ ಫೈಬರ್ ಪ್ರಾಣಿ. ಡೈನೋಸಾರ್‌ಗಳ ಕಾಲದಲ್ಲಿ ಆಕಾಶವಾಳಿದ ಹಾರುವ ಸರೀಸೃಪ. ಬೆನ್ನಿಗೆ ಎರಡು ರೆಕ್ಕೆ... ಎದೆಯ ಮುಂದೆ ಎರಡು ಕೈ!

ಧೂಳು ಮೆತ್ತಿದ ಮುಖ ಒರೆಸಿಕೊಂಡು ಬೈರೇಶ್ ಬಂದ. "ನಾನೇ ಮೇಡಂ. ಮೂರು ತಲೆಮಾರಿಂದ ದೇವಸ್ಥಾನಗಳಿಗೆ ಗರುಡನ್ನ ಮಾಡ್ಕೊಡ್ತಿದೀವಿ. ರೆಕ್ಕೆ ಜೊತೆ ಕೈನೂ ಇರ್ಬೇಕಲ್ವಾ?"

"ಗರುಡ ಕೈ ಮುಗೀತಾನೆ. ಇದು ಯಾರಿಗ್ರೀ ಮುಗೀಬೇಕು?"

ಅವನು ನಕ್ಕ. ಅವಳಿಗೆ ಇನ್ನಷ್ಟು ಉರಿಯಿತು.

"ಇದರ ಕೈಯೇ ರೆಕ್ಕೆ!" ಅವಳು ಎಡಗೈ ಎತ್ತಿ ಬೆರಳು ಬಿಡಿಸಿದಳು. "ಈ ಮೂರು ಪುಟ್ಟವು. ನಾಲ್ಕನೆಯದು, ಉಂಗುರದ ಬೆರಳು, ಮಾರುಗಟ್ಟಲೆ ಉದ್ದ. ಇಡೀ ರೆಕ್ಕೆ ಇದೊಂದರ ಮೇಲೇ ನಿಲ್ಲೋದು. ಪಾರ್ಕಿನ ಬೋರ್ಡಲ್ಲಿ ಸಲಹೆಗಾರ್ತಿ ಅಂತ ನನ್ನ ಹೆಸರಿರುತ್ತೆ. ತಪ್ಪಾದ್ರೆ ನನ್ನ ಸ್ಟೂಡೆಂಟ್ಸೇ ನಗ್ತಾರೆ!"

ಬೈರೇಶ್ ಆ ಬೆರಳನ್ನು ತುಸು ಹೆಚ್ಚೇ ಹೊತ್ತು ನೋಡಿದ.

ಅಲ್ಲಿಂದ ಎರಡು ತಿಂಗಳು. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮುಗಿಸಿ ಪ್ರತಿ ಶನಿವಾರ ಬರುವಳು, ಜಗಳವಾಡುವಳು. ಜಗಳವಿಲ್ಲದ ಉಳಿದ ಆರು ದಿನ ಏಕೆ ಸಪ್ಪೆ ಎಂದು ತನ್ನನ್ನೇ ಕೇಳಿಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ.

ಕೊನೆಗೆ ರೆಕ್ಕೆ ಒಪ್ಪಿಗೆಯಾಯಿತು. ಆ ದಿನವೇ ಹೇಳಿದಳು, "ನಾಳೆ ಹೊಸಕೋಟೆಯಿಂದ ಗಂಡಿನ ಕಡೆಯವರು ಬರ್ತಿದಾರೆ."

ಅವನು ಕಟರ್ ಎತ್ತಿಕೊಂಡು ಒಳಗೆ ಹೋದ.

ಪಾರ್ಕ್ ಉದ್ಘಾಟನೆಯ ಹಿಂದಿನ ದಿನ ಬಂದು ನೋಡಿದರೆ... ಎಡ ರೆಕ್ಕೆ ಮಣಿಕಟ್ಟಿನಲ್ಲಿ ತುಂಡಾಗಿ ನೆಲದ ಮೇಲಿತ್ತು!

"ಛೀ! ನನ್ನ ಮೇಲಿನ ಸಿಟ್ಟನ್ನ ಇದರ ಮೇಲೆ ತೀರಿಸ್ಕೊಂಡ್ರಾ? ಇಷ್ಟೇನಾ ನೀವು?"

"ಬೈದಿದ್ದು ಆಯ್ತಾ?" ಅವನ ದನಿಯೂ ಏರಿತು. "ಪುಟ್ಟ ಬೆರಳುಗಳಿಗೆ ಒಂದೇ ಅಚ್ಚು ಮಾಡಿದ್ದೆ. ಎರಡೂ ಕಡೆ ಬಲಗೈಯೇ ಕೂತ್ಬಿಟ್ಟಿತ್ತು. ನಾನೂ ನೋಡ್ಲಿಲ್ಲ, ನೀವೂ ನೋಡ್ಲಿಲ್ಲ!"

ಪ್ರಮೋದಾ ತುಂಡಾದ ಕೈಯತ್ತ ಬಗ್ಗಿ ನೋಡಿದಳು. ಹೌದು... ಬಲಗೈ! ಇದನ್ನೇ ಅವಳು ಒಪ್ಪಿದ್ದಳು.

"ಮತ್ತೆ... ನಿಮಗೆ ಹೇಗೆ ಗೊತ್ತಾಯ್ತು?"

"ಮೊದಲ ದಿನ ಎಡಗೈ ಎತ್ತಿ ತೋರಿಸಿದ್ರಲ್ಲ. ಅದು ಕಣ್ಣಲ್ಲೇ ಇದೆ. ನೀವು ಮದುವೆಯಾಗಿ ಹೋಗ್ತೀರಿ ಅಂತ ಆ ಕೈನ ಇನ್ನೊಂದ್ಸಲ ನೆನಪಿಸ್ಕೊಂಡೆ... ಈ ರೆಕ್ಕೆ ಕೈಗೆ ತಾಳೆ ಆಗ್ಲಿಲ್ಲ." ಅವನು ಟಾರ್ಪಾಲು ಸರಿಸಿದ. ಹೊಸ ಎಡಗೈ ಒಣಗುತ್ತಿತ್ತು. "ಸಂಜೆಗೆ ಕೂರಿಸ್ತೀನಿ. ಬೋರ್ಡಲ್ಲಿರೋ ನಿಮ್ಮ ಹೆಸರಿಗೆ ಏನೂ ಆಗಲ್ಲ. ಹೊಸಕೋಟೆಯವರಿಗೆ... ಒಳ್ಳೇದಾಗ್ಲಿ."

"ಅವರಿಗೆ ಆಗಲ್ಲ ಅಂದ್ಬಿಟ್ಟೆ!" ಅವಳ ಕಣ್ಣು ತುಂಬಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ. "ಬಾಯಿ ಬಿಟ್ಟು ಒಂದು ಮಾತು ಕೇಳೋಕೆ ನಿಮಗೇನಾಗಿತ್ತು?"

"ಈಗ ಕೇಳ್ಲಾ, ಪ್ರಮೋದಾ?"

ಅವಳು ಉಂಗುರದ ಬೆರಳನ್ನು ಅವನ ಮುಖದ ಮುಂದೆ ಹಿಡಿದಳು.

"ಅಳತೆ ತಗೊಳ್ಳಿ. ಸರಿಯಾಗಿ ನೋಡ್ಕೊಳ್ಳಿ... ಇದು ಎಡಗೈ!"