ಹಲಗೆಯ ಮೇಲೆ ಉಳಿದ ಅಂಚು

ಐದು ಹಲಗೆಗಳಿದ್ದವು. ಅವುಗಳ ಮೇಲಿದ್ದ ಐದು ಚಿತ್ರಗಳು ಮಾತ್ರ ಇರಲಿಲ್ಲ.

೧೯೫೬ರ ಜೂನ್. ಬೆಟಗೇರಿಯ ನೇಕಾರ ನಾರಾಯಣಪ್ಪನ ಮಗ್ಗದ ಕೋಣೆ. ಮಗ ಬಾಬಣ್ಣ ಅಳುತ್ತಿದ್ದ. ಮುಂಬಯಿಯಲ್ಲಿ ಕಟ್ಟಡ ವಿನ್ಯಾಸ ಕಲಿಯಲು ಅವನು ಅರ್ಜಿ ಹಾಕುವವನಿದ್ದ. ಅರ್ಜಿಯ ಜೊತೆ ಸ್ವಂತ ಚಿತ್ರಗಳು ಹೋಗಲೇಬೇಕು. ವರ್ಷವಿಡೀ ಕೂತು ಬರೆದಿದ್ದ.

"ಇವತ್ತ ಸಂಜಿ ಟಪಾಲಿಗೆ ಹಾಕದಿದ್ರ ಮುಗೀತ್ರಿ, ಸಾಹೇಬ್ರ."

ನಾನು ಫೌಜದಾರ ಸಕ್ರಪ್ಪ. ಕಾಗದ ಕಳವಾಯಿತೆಂದು ಯಾರಾದರೂ ಠಾಣೆಗೆ ಬಂದರೆ ರೇಗುವ ಮನುಷ್ಯ. ಇವನ ಮುಖ ನೋಡಿ ಜೊತೆಗೇ ಎದ್ದು ಬಂದಿದ್ದೆ.

ಹಿಂದಿನ ದಿನ ಮನೆಮಂದಿಯೆಲ್ಲ ಅಸುಂಡಿಗೆ ಮದುವೆಗೆ ಹೋಗಿದ್ದರು. ಬಾಗಿಲಿಗೆ ಬೀಗವಿಲ್ಲ, ಬರೀ ಚಿಲಕ. ನಾರಾಯಣಪ್ಪನೊಬ್ಬ ಮಧ್ಯಾಹ್ನವೇ ಮರಳಿದ್ದ. ಮಗ ಮಗ್ಗ ಬಿಡುವುದು ಅವನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ.

"ನೀನ ತಗೊಂಡೀ?" ಎಂದು ನಾರಾಯಣಪ್ಪನನ್ನು ಕೇಳಿದೆ.

"ಬೈದೀನ್ರಿ, ಖರೆ. ಕದ್ದಿಲ್ಲ."

ಹಲಗೆ ಎತ್ತಿ ನೋಡಿದೆ. ನಾಲ್ಕೂ ಬದಿಗೆ ಬೆರಳಗಲದ ಕಾಗದದ ಅಂಚು ಅಂಟಿಕೊಂಡಿತ್ತು, ಒಳಬದಿ ಸೀದಾ ಕೊಯ್ದಿತ್ತು.

"ಕಾಗದ ಸುಕ್ಕಾಗಬಾರದಂತ ಅಂಚಿಗೆ ಗಂಜಿ ಹಚ್ಚಿ ಅಂಟಿಸೀನ್ರಿ," ಎಂದ ಬಾಬಣ್ಣ. "ನೂಲಿಗೆ ಹಾಕೋ ಗಂಜೀನ."

"ಬಿಡಿಸೋದು ಹೆಂಗ?" ಎಂದು ಅಪ್ಪನನ್ನು ಕೇಳಿದೆ.

"ಗಂಜೀಗೇನ್ರಿ, ನೀರ ಹಚ್ಚಿದ್ರ ತಾನ ಬಿಡತೈತಿ."

"ಅಯ್ಯ, ಶಾಯಿ ಹರೀತೈತಿ!" ಎಂದ ಮಗ. "ಅಂಚು ಬಿಟ್ಟು ಒಳಗ ಚಾಕುಲೆ ಕೊಯ್ಯಬೇಕು."

"ಇದು ಯಾರ‍್ಯಾರಿಗೆ ಗೊತ್ತೈತಿ?"

ಬಾಬಣ್ಣ ತಡೆದು ಹೇಳಿದ. "ನನಗ... ಮತ್ತ ಕಲಿಸಿದ ಮಾಸ್ತರಿಗೆ."

* * *

ಚಿತ್ರಕಲೆಯ ಜಯತೀರ್ಥ ಮಾಸ್ತರರ ಮನೆ ಗದಗಿನ ಒಂದು ಓಣಿಯಲ್ಲಿತ್ತು. ಹೆಂಡತಿ ತೀರಿ ಆರು ವರ್ಷ. ಮಕ್ಕಳಿಲ್ಲ. ದಿನಾ ಸಂಜೆ ಬಾಬಣ್ಣ ಹೋಗುತ್ತಿದ್ದ, ಅಷ್ಟೇ. ಇವತ್ತು ನನ್ನ ಜೊತೆ ಬಂದ.

"ಚಿತ್ರ ಕೊಡ್ರಿ, ಮಾಸ್ತರ," ಎಂದೆ.

"ಯಾವ ಚಿತ್ರ?"

"ಅಪ್ಪ ತಗದಿದ್ರ ನೀರು ಹಚ್ಚತಿದ್ದ. ಹಲಗೀ ಮ್ಯಾಲೆ ಅಂಚು ಉಳೀತಿರಲಿಲ್ಲ. ಹೊಟ್ಟಿಕಿಚ್ಚಿನವರು ಜಗ್ಗಿ ಹರೀತಿದ್ರು. ಇದು ಚಿತ್ರ ಕೆಡಬಾರದಂತ ಸೀದಾ ಕೊಯ್ದ ಕೈ. ಅಂಥಾ ಕೈ ಎರಡ ಅದಾವು. ಒಂದು ಮುಂಜಾನಿಂದ ಅಳಾಕ ಹತ್ತೈತಿ."

ಮಾಸ್ತರರು ಒಳಗೆ ಹೋಗಿ ಧೋತರದಲ್ಲಿ ಸುತ್ತಿದ್ದ ಸುರುಳಿ ತಂದರು. ಒಂದು ಗೆರೆಯೂ ಕೆಟ್ಟಿರಲಿಲ್ಲ.

"ಇನ್ನೇನು ಕರ್ನಾಟಕ ಒಂದಾಗ್ತದ. ನಮ್ಮಲ್ಲೇ ಅಂಥಾ ಶಾಲಿ ಬರಬಹುದು. ಮುಂಬಯಿ ಯಾಕಂತ..." ಎನ್ನುತ್ತ ಬಾಬಣ್ಣನ ಕಡೆ ನೋಡಿದರು. "ಸುಳ್ಳು. ಇಂವ ಹೋದರ ನನ್ನ ಜೋಡಿ ಮಾತಾಡೋರು ಯಾರೂ ಇಲ್ಲ."

ಬಾಬಣ್ಣ ಸುರುಳಿಯನ್ನು ಎದೆಗವಚಿಕೊಂಡ.

"ನೀವು ಇರು ಅಂದಿದ್ರ ಇರ್ತಿದ್ನ್ರಿ, ಮಾಸ್ತರ."

ಕಾಲು ಮುಟ್ಟದೆ ಹೊರಟುಹೋದ. ಟಪಾಲು ಕಚೇರಿ ಮುಚ್ಚಲು ಇನ್ನೊಂದು ತಾಸಿತ್ತು.

ನಾನು ಕೇಸು ಬರೆಯಲಿಲ್ಲ. ಎದ್ದು ಬರಬೇಕಿತ್ತು, ಮನಸ್ಸಾಗಲಿಲ್ಲ. ನನ್ನ ಕೋಣೆಯಲ್ಲೂ ಕಾಯುವವರು ಯಾರೂ ಇರಲಿಲ್ಲ.

ಮಾಸ್ತರರು ಒಲೆಯ ಕಡೆ ನೋಡಿ ಕೇಳಿದರು, "ಚಹಾ ಮಾಡ್ಲಿ?"

"ಮಾಡ್ರಿ," ಎಂದೆ.