ಪ್ಲೇಗ್ ಬಂದ ಭಾನುವಾರ

ಶ್ರೀನಾಥ್ ನನ್ನನ್ನು ಮೊದಲ ಸಲ ನೋಡಿದಾಗ ನನ್ನ ಊರಿಗೆ ಪ್ಲೇಗ್ ಬಂದಿತ್ತು. ಐದು ಮನೆ, ಒಂದು ಕಣಜ, ಆಗಷ್ಟೇ ಕಟ್ಟಿ ಮುಗಿಸಿದ್ದ ಕಾಲುವೆ, ಎಲ್ಲವೂ ಚಾಪೆಯ ಮೇಲೆ ಕಾರ್ಡುಗಳಾಗಿ ಸಾಲುಗಟ್ಟಿದ್ದವು. ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಬಿಡಲಿ ಎಂದು ನಾನು ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದೆ. ತಲೆತುಂಬ ಹರಳೆಣ್ಣೆ, ಮೈಮೇಲೆ ಅಣ್ಣನ ಹಳೆಯ ಶರ್ಟು. ಹೆಣ್ಣು ನೋಡಲು ಬಂದವರಿಗೆ ತೋರಿಸುವಂಥ ಅವತಾರ ಅದಲ್ಲ.

ತಪ್ಪು ನನ್ನದಲ್ಲ. ರಾಹುಕಾಲ ಕಳೆದು ಆರು ಗಂಟೆಯ ಮೇಲೆ ಬರುತ್ತೇವೆ ಎಂದು ಹೇಳಿಕಳಿಸಿದ್ದ ಕೃಷ್ಣರಾಜಪುರದವರು, ಅದೇನು ಮನಸ್ಸಾಯಿತೋ, ರಾಹುಕಾಲಕ್ಕೆ ಮುಂಚೆಯೇ ಮುಗಿಸಿಬಿಡೋಣ ಎಂದು ಮೂರೂವರೆಗೇ ಬಂದು ಕಗ್ಗದಾಸಪುರದ ನಮ್ಮ ಗೇಟಿನ ಮುಂದೆ ಆಟೊ ಇಳಿದಿದ್ದರು. ಕೆಳಗೆ ಅಮ್ಮ ಹಾಲಿಲ್ಲ, ಬಾಳೆಹಣ್ಣಿಲ್ಲ ಎಂದು ಪರದಾಡುತ್ತಿದ್ದರೆ ಮಹಡಿಯ ಕೋಣೆಯಲ್ಲಿದ್ದ ನನಗೆ ಅದರ ಸುಳಿವೇ ಇರಲಿಲ್ಲ.

ಮನೆ ನೋಡುವ ನೆಪದಲ್ಲಿ ಮೊದಲು ಮೆಟ್ಟಿಲು ಹತ್ತಿ ಬಂದವರು ಹುಡುಗನ ದೊಡ್ಡಮ್ಮ ಪಿಳ್ಳಮ್ಮ. ತಾಯಿಯಿಲ್ಲದ ಶ್ರೀನಾಥ್‌ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು. ಬಾಗಿಲಲ್ಲಿ ನಿಂತು ಚಾಪೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಾಪೆ ನೋಡಿದರು. ಮುಖ ಬಿಗಿದುಕೊಂಡಿತು. ಅವರ ಹೆಗಲ ಹಿಂದಿನಿಂದ ಇನ್ನೊಂದು ಮುಖ ಇಣುಕಿತು.

ಎತ್ತರದ ಆಳು, ಕಡುಗಪ್ಪು ಬಣ್ಣ, ನಗಬೇಕೋ ಬೇಡವೋ ಎಂದು ತೀರ್ಮಾನವಾಗದ ತುಟಿ. ಗಾಬರಿಯಲ್ಲಿ ನಾನು ಎದ್ದ ರಭಸಕ್ಕೆ ಎರಡು ಕಾರ್ಡು ಮಗುಚಿಕೊಂಡವು. ಫ್ಯಾನಿನ ಗಾಳಿಗೆ ಇನ್ನೆರಡು ಜಾರತೊಡಗಿದವು. ಶ್ರೀನಾಥ್ ಪಕ್ಕದ ಸ್ವಿಚ್ಚಿಗೆ ಕೈ ಚಾಚಿ ಫ್ಯಾನ್ ಆರಿಸಿದರು. ಆಮೇಲೆ ನನ್ನ ಕಡೆ ನೋಡಿ, ಸರಿ ತಾನೆ ಎನ್ನುವಂತೆ ಹುಬ್ಬನ್ನು ಕೊಂಚವೇ ಎತ್ತಿದರು. ಇಂಥ ಹೊತ್ತಲ್ಲಿ ಹುಡುಗಿ ತಲೆ ತಗ್ಗಿಸಬೇಕು. ನಾನು ತಗ್ಗಿಸಲಿಲ್ಲ, ನೋಡಿದೆ. ಅವರೂ ನೋಡಿದರು. ಮೇ ತಿಂಗಳ ಸೆಖೆಗೆ ನನ್ನ ಹಣೆಯ ಮೇಲೆ ಬೆವರು ಸಾಲುಗಟ್ಟಿತು, ಸೆಖೆಗೇ ಇರಬೇಕು.

ಮಂಗಳವಾರ, ಸಂಬಂಧ ತಂದಿದ್ದ ಸಾಯಬಣ್ಣ ಅಪ್ಪನಿಗೆ ಫೋನ್ ಮಾಡಿದ.

"ಹುಡುಗಿ ಲಕ್ಷಣವಾಗಿದ್ದಾಳಂತೆ ಮುನಿಆಂಜನಪ್ಪೋರೆ. ಆದ್ರೆ ಇಸ್ಪೀಟು ಆಡ್ತಾಳಂತೆ. ಅದೂ ಒಬ್ಳೇ ಕೂತ್ಕೊಂಡು ಪ್ರಾಕ್ಟೀಸ್ ಮಾಡ್ತಾಳಂತೆ."

ಅಪ್ಪ ಫೋನಿಟ್ಟು ನನ್ನನ್ನು ನೋಡಿದ ರೀತಿಗೆ ನನಗೆ ನಗುವೂ ಬಂತು, ಅಳುವೂ ಬಂತು.

ಅದು ಇಸ್ಪೀಟಲ್ಲ. ನಾನು ಕೆಲಸ ಮಾಡುವುದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ನಯಾಜ್ ಸಾಹೇಬರ ಪ್ರೆಸ್ಸಿನಲ್ಲಿ. ಊದುಬತ್ತಿ ಡಬ್ಬಿ, ಬಿಸ್ಕತ್ತಿನ ಲೇಬಲ್, ಮದುವೆ ಕಾಗದ, ಎಲ್ಲದರ ಬಣ್ಣ ಸರಿಯಾಗಿ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ಎರಡು ಸಾವಿರದ ಮೂರರಲ್ಲಿ ವಿದೇಶದ ಒಂದು ಕಂಪನಿಯವರು ಆಟದ ಕಾರ್ಡು ಪ್ರಿಂಟ್ ಮಾಡಲು ಕೊಟ್ಟಿದ್ದರು. ಹಿಂಬದಿ ನೀಲಿ ಇರಬೇಕಿತ್ತು, ಒಂದು ಲಾಟು ಕೆಂಪಾಗಿ ಬಂತು. ಅವರು ಬೇಡವೆಂದರು. ರದ್ದಿಗೆ ಹೋಗುವ ಮುಂಚೆ ಒಂದು ಕಟ್ಟು ನಾನು ಕೇಳಿ ತಂದುಕೊಂಡೆ. ಕೆಂಪು ಹಿಂಬದಿಯ ಕಾರ್ಡನ್ನು ದೂರದಿಂದ ನೋಡಿದರೆ ಇಸ್ಪೀಟು ಎಂದುಕೊಳ್ಳುವುದರಲ್ಲಿ ಪಿಳ್ಳಮ್ಮನವರ ತಪ್ಪೂ ಇಲ್ಲ.

ಆಟ ಸರಳ. ಬೆಂಕಿ, ಬೀಜ, ನದಿ ಎಂದು ಮೂರು ಕಾರ್ಡಿನಿಂದ ಶುರು. ಒಂದೊಂದೇ ಕಾರ್ಡು ಎತ್ತುತ್ತ ಮನೆ, ಕಾಲುವೆ, ಸಂತೆ, ಬರಹ, ಗೋಡೆ, ಗ್ರಂಥಾಲಯ ಎಂದು ಒಂದು ನಾಗರಿಕತೆಯನ್ನೇ ಕಟ್ಟುತ್ತ ಹೋಗಬೇಕು. ಕಟ್ಟಿನೊಳಗೆ ಅಲ್ಲಲ್ಲಿ ಬರ, ಪ್ಲೇಗ್, ದಾಳಿ ಅಡಗಿರುತ್ತವೆ. ಕೊನೆಯ ಕಾರ್ಡಿನ ತನಕ ಊರು ನಿಂತಿದ್ದರೆ ಗೆದ್ದಂತೆ. ಆಗಲೇ ಒಂದು ವರ್ಷದಿಂದ ಆಡುತ್ತಿದ್ದೆ, ಒಮ್ಮೆಯೂ ಗೆದ್ದಿರಲಿಲ್ಲ.

"ಅದನ್ನ ಆಚೆ ಬಿಸಾಕು ಅಂತ ಎಷ್ಟು ಸಾರಿ ಹೇಳ್ದೆ ನಿಂಗೆ," ಅಂದರು ಅಮ್ಮ. ಹಿಂದೆ ಬಂದು ಹೋದ ಇಬ್ಬರು ಗಂಡುಗಳ ಬಗ್ಗೆ ನನಗೇನೂ ಅನ್ನಿಸಿರಲಿಲ್ಲ. ಈ ಸಲ ಹಾಗಿರಲಿಲ್ಲ. ಫ್ಯಾನ್ ಆರಿಸಿದ ಆ ಕೈ ನನಗೆ ಇಷ್ಟವಾಗಿಬಿಟ್ಟಿತ್ತು.

ಶುಕ್ರವಾರ ಮಧ್ಯಾಹ್ನ ಪ್ರೆಸ್ಸಿನ ಕೌಂಟರಿನ ಮುಂದೆ ಅದೇ ಎತ್ತರದ ಆಳು ನಿಂತಿದ್ದರು.

"ವಿಸಿಟಿಂಗ್ ಕಾರ್ಡ್ ಮಾಡಿಸ್ಬೇಕಿತ್ತು."

"ನೀವು ರೈಲ್ವೆ ಡೀಸೆಲ್ ಶೆಡ್‌ನಲ್ಲಿ ಫಿಟ್ಟರ್ ಅಲ್ವಾ? ಯಾರಿಗೆ ಕೊಡ್ತೀರಾ, ಇಂಜಿನ್‌ಗಾ?"

"ಹೋದ ಭಾನುವಾರ ಒಬ್ರ ಮನೆಗೆ ಹೋಗಿದ್ದೆ. ಹೆಸರು ಹೇಳೋಕೂ ಚಾನ್ಸ್ ಸಿಗಲಿಲ್ಲ. ಇನ್ನೊಂದು ಸಲ ಹೋದ್ರೆ ಕೈಗೆ ಕೊಟ್ಬಿಡೋಣ ಅಂತ."

ಹಿಂದೆ ಬೈಂಡಿಂಗ್ ಮೇಜಿನಲ್ಲಿದ್ದ ಖುರ್ಷೀದಾ ಅಂಟು ಹಚ್ಚುವ ಕೈ ನಿಲ್ಲಿಸಿ ಕೆಮ್ಮಿದಳು. "ಹೋಗೇ, ಚಾ ಕುಡ್ಕೊಂಡು ಬಾ. ಸಾಹೇಬ್ರು ಕೇಳಿದ್ರೆ ನಾನ್ ಹೇಳ್ತೀನಿ."

ಮಾರುಕಟ್ಟೆಯ ಮುಂದೆ ಹೂವಿನವರ ಪಕ್ಕದಲ್ಲಿ ನಿಂತು ಚಹಾ ಕುಡಿದೆವು. ಶ್ರೀನಾಥ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಉಗುರಿನ ಅಂಚಿನಲ್ಲಿ ಗ್ರೀಸು ಉಳಿದಿತ್ತು, ಬಹಳ ಉಜ್ಜಿ ತೊಳೆದ ಕೈ ಎಂದು ಗೊತ್ತಾಗುತ್ತಿತ್ತು. ನಾನು ನೋಡುತ್ತಿರುವುದನ್ನು ಕಂಡು ಬೆರಳು ಮಡಿಚಿಕೊಂಡರು.

"ಆ ದಿನ ಪ್ಲೇಗ್ ಅಂತ ಒಂದು ಕಾರ್ಡ್ ಇತ್ತು," ಅಂದರು. "ಊರು ಉಳೀತಾ?"

ಇಸ್ಪೀಟಿನ ಬಗ್ಗೆ ಕೇಳುತ್ತಾರೆ ಎಂದು ವಾದವನ್ನೆಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅದೆಲ್ಲ ಮರೆತುಹೋಯಿತು.

"ಇಲ್ಲ. ನೀವು ಹೋದ ತಕ್ಷಣ ಅಮ್ಮ ಊರನ್ನ ಚಾಪೆ ಸಮೇತ ಸುತ್ತಿ ಅಟ್ಟಕ್ಕೆ ಹಾಕಿದ್ರು."

ಅವರು ನಕ್ಕರು. ಆಗ ಇಡೀ ಕತೆ ಹೇಳಿದರು. ದೊಡ್ಡಮ್ಮನ ತವರಿನಲ್ಲಿ ದ್ರಾಕ್ಷಿ ತೋಟವಿತ್ತು. ಅವರಪ್ಪ ಅದನ್ನು ಎಲೆಯಾಟದಲ್ಲಿ ಕಳೆದರು. ಅಂದಿನಿಂದ ದೊಡ್ಡಮ್ಮ ದೀಪಾವಳಿಯಲ್ಲೂ ಮನೆಯೊಳಗೆ ಇಸ್ಪೀಟು ಬಿಟ್ಟುಕೊಂಡವರಲ್ಲ. "ಅದು ಇಸ್ಪೀಟಲ್ಲ ಅಂತ ನಾನು ಹೇಳ್ದೆ. ನಂಬ್ಲಿಲ್ಲ. ಈ ಭಾನುವಾರ ಕರ್ಕೊಂಡು ಬರ್ತೀನಿ. ಅವರ ಮುಂದೆ ಒಂದು ಸಲ ಆಡಿ ತೋರಿಸ್ತೀರಾ?"

"ತೋರಿಸ್ತೀನಿ. ಆದ್ರೆ ಅದಕ್ಕೆ ಮುಂಚೆ ನಂದೊಂದು ಮಾತಿದೆ."

ಕೇಳಿದರೆ ಕೆಡಬಹುದು ಎಂದು ಗೊತ್ತಿತ್ತು. ಕೇಳದೆ ಮದುವೆಯಾದರೆ ಇನ್ನೂ ಕೆಡುತ್ತದೆ ಎಂದೂ ಗೊತ್ತಿತ್ತು.

"ಮನೇಲಿ ಏಳು ಜನ. ಪ್ರೆಸ್ಸಲ್ಲಿ ಹನ್ನೆರಡು ಜನ. ಎಲ್ಲಿ ಹೋದ್ರೂ ಯಾರೋ ಒಬ್ರು ಹಿಂಗ್ ಮಾಡು ಹಂಗ್ ಮಾಡು ಅಂತಿರ್ತಾರೆ. ಭಾನುವಾರ ಆ ಎರಡು ಗಂಟೆ ಮಾತ್ರ ನಾನೇ ಯೋಚ್ನೆ ಮಾಡಿ, ನಾನೇ ತಪ್ಪು ಮಾಡಿ, ನಾನೇ ಸೋಲ್ತೀನಿ. ಹಿಂದೆ ಬಂದಿದ್ದ ಒಬ್ರು, ಮದುವೆ ಆದ್ಮೇಲೆ ಇದಕ್ಕೆಲ್ಲ ಟೈಮ್ ಎಲ್ಲಿರುತ್ತೆ ಅಂತ ನಕ್ಬಿಟ್ರು. ನಂಗೆ ಆ ಎರಡು ಗಂಟೆ ಬೇಕು."

"ಇಬ್ರು ಸೇರಿ ಆಡೋಕಾಗಲ್ವಾ?"

"ಆಗುತ್ತೆ. ಆದ್ರೆ ನಂಗೆ ಒಬ್ಳೇ ಆಡೋದು ಇಷ್ಟ."

ಅವರ ಮುಖ ಒಂಚೂರು ಸಪ್ಪಗಾಯಿತು. ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಖಾಲಿ ಲೋಟ ಕೆಳಗಿಟ್ಟು, "ಸುಮ್ನೆ ಹ್ಞೂಂ ಅಂದ್ಬಿಡಬಹುದು. ಆದ್ರೆ ಯೋಚ್ನೆ ಮಾಡೇ ಹೇಳ್ತೀನಿ," ಎಂದು ಬಸ್ಸಿನ ಕಡೆ ನಡೆದರು. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಆ ಬೆನ್ನು ಜನರ ನಡುವೆ ಕಾಣದಾಗುವ ತನಕ ಅಲ್ಲೇ ನಿಂತಿದ್ದೆ ಎಂಬುದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಭಾನುವಾರ ಮೂರು ಗಂಟೆಗೆ ಸರಿಯಾಗಿ ಬಂದರು. ಈ ಸಲ ಹಾಲೂ ಇತ್ತು, ಬಾಳೆಹಣ್ಣೂ ಇತ್ತು, ನಾನೂ ಸೀರೆಯಲ್ಲಿದ್ದೆ. ಮಹಡಿಯ ಕೋಣೆಯಲ್ಲಿ ಪಿಳ್ಳಮ್ಮನವರು ಕುರ್ಚಿ ಎಳೆದುಕೊಂಡು ಚಾಪೆಯ ಎದುರಿಗೇ ಕೂತರು. ಶ್ರೀನಾಥ್ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತರು. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ಹಿಂದೆ ನಿಂತರು.

"ದುಡ್ಡೆಲ್ಲಿ ಕಟ್ತೀಯಮ್ಮಿ?" ಅಂದರು ಪಿಳ್ಳಮ್ಮ.

"ದುಡ್ಡಿಲ್ಲಮ್ಮ."

"ಎದುರಿಗೆ ಆಡೋರ್ಯಾರು?"

"ಯಾರೂ ಇಲ್ಲ. ನಾನೊಬ್ಳೇ."

"ಅಂಗಾದ್ರೆ ನೀನು ಗೆದ್ರೆ ಸೋಲೋದ್ಯಾರು?"

"ಯಾರೂ ಸೋಲಲ್ಲ," ಎಂದು ಬಾಗಿಲ ಕಡೆಯಿಂದ ಶ್ರೀನಾಥ್ ಹೇಳಿದರು. ಪಿಳ್ಳಮ್ಮ ಅವರನ್ನೊಮ್ಮೆ ದುರುಗುಟ್ಟಿ ನೋಡಿ, "ಆಡು," ಅಂದರು.

ಹತ್ತು ನಿಮಿಷ ಒಂದೊಂದು ಕಾರ್ಡನ್ನೂ ಕಣ್ಣಲ್ಲೇ ಹಿಂಬಾಲಿಸಿದರು. ನಾನು ಸಂತೆ ಕಟ್ಟಲು ಕೈ ಹಾಕಿದಾಗ ಪಿಳ್ಳಮ್ಮನವರಿಗೆ ತಡೆಯಲಾಗಲಿಲ್ಲ.

"ನೀರಿಲ್ದೆ ಸಂತೆ ಕಟ್ಟಿ ಏನ್ಮಾಡ್ತೀಯಾ? ಮೊದ್ಲು ಕಾಲುವೆ ತೆಗೀ."

ಕಾಲುವೆ ತೆಗೆದೆ. ಮೂರನೇ ಕಾರ್ಡಿಗೇ ಬರ ಬಂತು, ಊರಿಗೆ ಏನೂ ಆಗಲಿಲ್ಲ. ಪಿಳ್ಳಮ್ಮ ಕುರ್ಚಿಯಿಂದ ಇಳಿದು ಚಾಪೆಯ ಅಂಚಿಗೇ ಬಂದು ಕೂತರು. ಮುಖದ ಬಿಗಿ ಸಡಿಲಾಗಿ, ಅವರ ತೋಟದ ನೆನಪೋ ಏನೋ, ಒಂದೊಂದು ಕಾರ್ಡನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. ಅಲ್ಲಿಗೆ ಇಸ್ಪೀಟಿನ ಮಾತು ಮುಗಿಯಿತು. ನನ್ನ ಕಷ್ಟ ಅಲ್ಲಿಂದ ಶುರುವಾಯಿತು.

"ಕಣಜ ಇನ್ನೊಂದು ಹಾಕು," ಅಂದರು ಅಪ್ಪ. "ಅದ್ಯಾಕೆ, ಮನೆ ಹಾಕ್ಲಿ," ಅಂದರು, ಹೋದ ವಾರ ಊರನ್ನು ಅಟ್ಟಕ್ಕೆ ಹಾಕಿದ್ದ ಅಮ್ಮನೇ. ಅಣ್ಣ ನನ್ನ ಕೈಯಿಂದಲೇ ಕಾರ್ಡು ಕಿತ್ತು ಇಟ್ಟ. ಊರು ಬೆಳೆಯುತ್ತಿತ್ತು. ಹಿಂದೆಂದೂ ಅಷ್ಟು ಬೆಳೆದಿರಲಿಲ್ಲ. ಕೊನೆಗೆ ಒಂಬತ್ತು ಕಾರ್ಡು ಉಳಿದವು. ಕೈಯಲ್ಲಿದ್ದುದರಲ್ಲಿ ಒಂದನ್ನು ಮಾತ್ರ ಕಟ್ಟಬಹುದಿತ್ತು, ಗೋಡೆ ಇಲ್ಲವೇ ಗ್ರಂಥಾಲಯ.

"ಗೋಡೆ," ಅಂದರು ಪಿಳ್ಳಮ್ಮ. "ಗೋಡೆ, ಗೋಡೆ," ಎಂದರು ಎಲ್ಲರೂ.

ನಾನು ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ಎಲ್ಲರಿಗೂ ಖುಷಿಯಾಗಿತ್ತು, ಸಂಬಂಧ ಕುದುರುತ್ತಿತ್ತು, ನನ್ನ ಆ ಎರಡು ಗಂಟೆ ಮಾತ್ರ ಕೈತಪ್ಪಿ ಹೋಗಿತ್ತು. ಇನ್ನು ಮುಂದೆ ಹೀಗೇ ಎಂದುಕೊಂಡೆ. ತಲೆ ಎತ್ತಿದಾಗ ಶ್ರೀನಾಥ್ ಕಾರ್ಡು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಅವರು ಎದ್ದರು. "ದೊಡ್ಡಮ್ಮ, ಏಳಿ. ಕೆಳಗೆ ಕಾಫಿ ಕುಡಿಯೋಣ."

"ಈಗ್ಲಾ? ಇನ್ನು ಒಂಬತ್ತೇ ಎಲೆ ಕಣೋ."

"ಹೌದು, ಈಗ್ಲೇ. ಮಾವ, ನೀವೂ ಬನ್ನಿ. ಎಲ್ಲಾರೂ ಬನ್ನಿ."

ಅಪ್ಪನನ್ನು ಮಾವ ಎಂದದ್ದು ಅಪ್ಪನಿಗೆ ಕೇಳಿಸಿತು, ಎಲ್ಲರಿಗಿಂತ ಮೊದಲು ಅವರೇ ಹೊರಟರು. ಪಿಳ್ಳಮ್ಮ ಮೂರು ಸಲ ಹಿಂತಿರುಗಿ ನೋಡಿ ಇಳಿದರು. ಕೊನೆಯವರಾಗಿ ಹೊರಟವರು ಶ್ರೀನಾಥ್. ಊರು ಏನಾಗುತ್ತದೆಂದು ತಿಳಿಯುವ ಆಸೆ ಎಲ್ಲರಿಗಿಂತ ಅವರಿಗೇ ಹೆಚ್ಚಿತ್ತು ಎಂದು ಕಣ್ಣೇ ಹೇಳುತ್ತಿತ್ತು, ಆದರೂ ಹೊರಗಿನಿಂದ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.

ನಾನು ಕಣ್ಣೊರೆಸಿಕೊಂಡು ಕಾರ್ಡು ಎತ್ತಿಕೊಂಡೆ.

ಆಟ ಮುಗಿಸಿ ಬಾಗಿಲು ತೆರೆದಾಗ ಶ್ರೀನಾಥ್ ಮೇಲಿಂದ ಮೂರನೇ ಮೆಟ್ಟಿಲಿನಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು.

"ಎಷ್ಟೊತ್ತಿಂದ ಇಲ್ಲಿದ್ದೀರಾ?"

"ಕಾಫಿ ಕುಡಿದ್ಮೇಲಿಂದ. ದೊಡ್ಡಮ್ಮ ಎರಡು ಸಲ ಹತ್ತೋಕೆ ನೋಡಿದ್ರು. ನಿಮ್ಮಣ್ಣ ಒಂದು ಸಲ."

"ಏನಂದ್ರಿ?"

"ಒಳಗೆ ಕೆಲ್ಸ ನಡೀತಿದೆ ಅಂದೆ." ಹಿಂತಿರುಗಿ ನೋಡಲಿಲ್ಲ, ಆದರೆ ಕಿವಿ ಕೆಂಪಗಾಗಿತ್ತು. ಅಷ್ಟು ಕಪ್ಪು ಬಣ್ಣದಲ್ಲೂ ಅದು ಗೊತ್ತಾಗುತ್ತದೆ ಎಂದು ನಾನು ಆ ದಿನ ಕಲಿತೆ. "ಶುಕ್ರವಾರ ನೀವು ಕೇಳಿದ್ರಲ್ಲ, ಯೋಚ್ನೆ ಮಾಡ್ದೆ. ಮೊದ್ಲು ಬೇಜಾರಾಯ್ತು, ನಿಜ ಹೇಳ್ಬೇಕು ಅಂದ್ರೆ. ಆಮೇಲೆ ಅನ್ನಿಸ್ತು, ಭಾನುವಾರ ಮೂರರಿಂದ ಐದು ಬಾಗಿಲು ನಿಮ್ದು. ಮೆಟ್ಟಿಲು ನಂದು. ನಂಗೆ ನೀವು ಇಷ್ಟ. ಇಲ್ಲಿ ಕೂತ್ಕೊಂಡಿರೋದೂ ಇಷ್ಟ ಆಯ್ತು."

ನನಗೂ ನೀವು ಇಷ್ಟ ಎಂದು ನಾನು ಹೇಳಿದೆ. ಆ ಬೆನ್ನಿಗೇ ಹೇಳಿದೆ, ಮುಖಕ್ಕೆ ಹೇಳುವ ಧೈರ್ಯ ಇರಲಿಲ್ಲ. ಆಗ ಅವರು ತಿರುಗಿದರು. ಆಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಸೋತೆ," ಎಂದು ನಾನೇ ಹೇಳಿದೆ. "ಗೋಡೆ ಬಿಟ್ಟು ಗ್ರಂಥಾಲಯ ಕಟ್ದೆ. ಮುಂದಿನ ಕಾರ್ಡೇ ದಾಳಿ."

"ಬೇಜಾರಾ?"

"ಇಲ್ಲ. ತುಂಬಾ ಚೆನ್ನಾಗಿತ್ತು." ದನಿ ತಗ್ಗಿಸಿದೆ. "ನಿಮ್ಮ ದೊಡ್ಡಮ್ಮನ ಮುಂದೆ ಮಾತ್ರ ಹೇಳ್ಬೇಡಿ."

ಹೇಳಿ ಮುಗಿಸಿಲ್ಲ, ಕೆಳಗಿನಿಂದ ಪಿಳ್ಳಮ್ಮನವರ ದನಿ ಬಂತು.

"ಏನಾಯ್ತೋ ಸೀನಾ? ಹುಡುಗಿ ಗೋಡೆ ಕಟ್ಟಿದ್ಲಾ?"

ಶ್ರೀನಾಥ್ ನನ್ನ ಕಣ್ಣನ್ನೇ ನೋಡುತ್ತ, ಸ್ವಲ್ಪವೂ ನಗದೆ, ಗಟ್ಟಿಯಾಗಿ ಕೂಗಿ ಹೇಳಿದರು. "ಕಟ್ಟಿದ್ರಂತೆ ದೊಡ್ಡಮ್ಮ. ಗೆದ್ರಂತೆ."

"ಗೋಡೆ ಅಂತ ನಾನ್ ಏಳ್ಲಿಲ್ವಾ," ಎಂದರು ಪಿಳ್ಳಮ್ಮ, ಇಡೀ ಮನೆಗೆ ಕೇಳುವಂತೆ. "ಮುನಿಆಂಜನಪ್ಪೋರೆ, ಇನ್ನೇನು ನೋಡೋದು, ಒಂದು ಒಳ್ಳೇ ದಿನ ಕೇಳ್ಸಿ."

ಶ್ರೀನಾಥ್ ಗೋಡೆಯ ಕಡೆಗೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ನಾನು ಸೀರೆ ಒತ್ತರಿಸಿಕೊಂಡು ಕೂತೆ.