ಸೂಚಕನ ಸಹಿ

"ಸಹಿ ಹಾಕ್ಬೇಡ ಅನ್ನಲ್ಲಪ್ಪಾ. ಅವರ ಪೆನ್ನಲ್ಲಿ ಹಾಕ್ಬೇಡ, ಅಷ್ಟೇ."

ಚುನಾವಣಾ ಕಚೇರಿಯ ಎದುರಿನ ಚಹಾದಂಗಡಿಯ ಹೆಂಗಸು ಇಷ್ಟು ಹೇಳಿ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ರಸ್ತೆಯ ಎರಡೂ ಕಡೆ ನೋಡಿದಳು. ಟೈಪಿಸ್ಟ್ ಬಿಸಿ ಲೋಟವನ್ನು ತುದಿಬೆರಳಲ್ಲಿ ಹಿಡಿದು ನಕ್ಕ.

"ಯಾಕಮ್ಮ, ಪೆನ್ನು ಕಚ್ಚುತ್ತಾ?"

"ನಗು. ನಮ್ಮನೆಯವರೂ ಹೀಗೇ ನಕ್ಕಿದ್ರು."

ಅಂಗಡಿಯೊಳಗೆ ಅವಳ ಗಂಡ ತೊಳೆದ ಲೋಟಗಳನ್ನು ಮುಟ್ಟಿ ಮುಟ್ಟಿ ಬುಟ್ಟಿಗೆ ಜೋಡಿಸುತ್ತಿದ್ದ. ಹಿಂದೆ ಜಿಲ್ಲಾ ಮಂಡಳಿ ಸದಸ್ಯ ಗೆಲುವಣ್ಣನ ಕಾರು ಓಡಿಸುತ್ತಿದ್ದವನು. ಕಳೆದ ಚುನಾವಣೆಯಲ್ಲಿ ಗೆಲುವಣ್ಣನ ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದ್ದ. ಮತ ಎಣಿಕೆಯ ಹೊತ್ತಿಗೆ ಅವನ ಎರಡೂ ಕಣ್ಣು ಹೋಗಿದ್ದವು.

"ಆ ಮಸೀಲಿ ಸಹಿ ಹಾಕಿದ ಅರ್ಜಿ ಕಣದಲ್ಲಿ ಇರೋವರೆಗೂ ಕಣ್ಣು ಆರ್ತಾ ಹೋಗುತ್ತೆ," ಎಂದಳು ಅವಳು. "ದೀಪದಲ್ಲಿ ಎಣ್ಣೆ ತೀರಿದ ಹಾಗೆ."

"ಅದು ಸಕ್ಕರೆ ಕಾಯಿಲೆ ಅಮ್ಮ. ನೀವು ಚಹಾಕ್ಕೆ ಸಕ್ಕರೆ ಸುರಿಯೋದು ನೋಡಿದ್ರೆ ಮುಂದೆ ನನ್ನ ಕಣ್ಣೂ ಹೋಗುತ್ತೆ."

ಒಳಗೆ ಲೋಟದ ಸದ್ದು ನಿಂತಿತು. ಟೈಪಿಸ್ಟನಿಗೆ ಕಸಿವಿಸಿಯಾಯಿತು. ಆದರೂ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಲೋಟ ಇಟ್ಟು ಎದ್ದ.

ಅವನು ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಹಿಂದಿನ ಕೆಲಸ ಹೋದಾಗ ಅಕ್ಕ ಕರೆಸಿಕೊಂಡಿದ್ದಳು. ಅಮ್ಮ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ, ಓದಿಸಿ, ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಗೆಲುವಣ್ಣನ ಪಕ್ಷದ ಮಹಿಳಾ ಘಟಕದಲ್ಲಿ ಹತ್ತು ವರ್ಷದಿಂದ ಮನೆಮನೆಗೆ ಚೀಟಿ ಹಂಚುತ್ತಿದ್ದವಳೂ ಅವಳೇ. ಅವಳ ಮಾತಿನ ಮೇಲೆ ಗೆಲುವಣ್ಣ ಅವನಿಗೆ ಕಚೇರಿಯ ಪಕ್ಕದಲ್ಲೇ ಒಂದು ಕೋಣೆ ಕೊಡಿಸಿದ್ದ. ಅರ್ಜಿ, ಪ್ರಮಾಣಪತ್ರ, ತಕರಾರು ಎಲ್ಲವನ್ನೂ ಟೈಪು ಮಾಡಿಕೊಡುವ ಅವನು ಬಂದವರಿಗೆಲ್ಲ ಒಂದೇ ಬುದ್ಧಿ ಹೇಳುತ್ತಿದ್ದ: "ಓದದೆ ಸಹಿ ಹಾಕ್ಬೇಡಿ."

ಗೆಲುವಣ್ಣ ಅನ್ನುವುದು ಜನ ಇಟ್ಟ ಹೆಸರು. ಮೊದಲ ಸಲ ಜಿಲ್ಲಾ ಮಂಡಳಿಗೆ ನಿಂತಾಗ ಏಳೇ ಏಳು ಮತದಿಂದ ಸೋತಿದ್ದ. ಆಮೇಲೆ ನಾಲ್ಕು ಸಲ ನಿಂತ, ನಾಲ್ಕು ಸಲವೂ ಗೆದ್ದ. ಚರಂಡಿ ಮಾಡಿಸಿದರೂ ಗೆದ್ದ, ಮಾಡಿಸದಿದ್ದರೂ ಗೆದ್ದ. ನಾಲ್ಕು ಸಲಕ್ಕೂ ಬೇರೆ ಬೇರೆ ಸೂಚಕರು: ಜೊತೆಯಲ್ಲಿ ಬೆಳೆದ ದರ್ಜಿ, ಹೆಂಡತಿಯ ತಮ್ಮ, ಸಾಕಿಕೊಂಡಿದ್ದ ಅಡುಗೆಯವನು, ಕಾರಿನ ಚಾಲಕ. ಈಗ ಐದನೆಯವನು ಟೈಪಿಸ್ಟ್.

"ನನ್ನ ಒಡಹುಟ್ಟಿದವನ ಹಾಗೆ ನೀನು," ಎಂದ ಗೆಲುವಣ್ಣ, ಪಕ್ಷದ ಕಚೇರಿಯ ಗದ್ದಲದ ನಡುವೆ ಅವನ ಹೆಗಲ ಮೇಲೆ ಕೈಯಿಟ್ಟು. "ನೀನಾಗೇ ಮನಸ್ಸಿಟ್ಟು ಹಾಕೋದಾದ್ರೆ ಹಾಕು ತಮ್ಮಾ. ಬಲವಂತ ಇಲ್ಲ."

"ಏನಣ್ಣಾ ಹೀಗಂತೀರಿ? ಕೊಡಿ ಇಲ್ಲಿ."

ಗೆಲುವಣ್ಣ ತಗಡಿನ ಡಬ್ಬಿಯೊಂದನ್ನು ತೆರೆದ. ಒಳಗೆ ಹಳೆಯ ಕಾಲದ ಮಸಿ ಪೆನ್ನು. ಮುಚ್ಚಳ ಬಿಚ್ಚಿದ್ದೇ ತಡ, ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅದರಡಿಯಲ್ಲಿ ಇನ್ನೊಂದು ವಾಸನೆ, ಬಹಳ ದಿನ ಮುಚ್ಚಿಟ್ಟ ಗಾಯದ್ದು. ಟೈಪಿಸ್ಟನಿಗೆ ಚಹಾದಂಗಡಿ ನೆನಪಾಯಿತು. ನಗು ಬಂತು. ಜೇಬಿನಲ್ಲಿ ತನ್ನದೇ ಪೆನ್ನಿದ್ದರೂ ಆ ಪೆನ್ನನ್ನೇ ತೆಗೆದುಕೊಂಡ.

ಅರ್ಜಿ ತಿರಸ್ಕಾರವಾಗದಿರಲಿ ಎಂದು ನಾಲ್ಕು ಪ್ರತಿ ಸಲ್ಲಿಸುವುದು ಅಲ್ಲಿಯ ರೂಢಿ. ಸೂಚಕನ ಸಹಿ ಬೀಳುವ ಕಡೆಗಳಲ್ಲೆಲ್ಲ ಹಳದಿ ಚೀಟಿ ಅಂಟಿಸಿ, ಅಕ್ಕನೇ ಕಟ್ಟನ್ನು ಅವನ ಮುಂದೆ ಹಿಡಿದು ಒಂದೊಂದೇ ಹಾಳೆಯ ಅಂಚು ಎತ್ತುತ್ತಿದ್ದಳು. "ಇಲ್ಲಿ ಪುಟ್ಟಾ. ಇಲ್ಲಿ. ಇಲ್ಲೊಂದು." ಅವನು ಹಾಕುತ್ತಾ ಹೋದ. ಅಕ್ಕನ ಕೈಯಲ್ಲಿರುವ ಕಾಗದವನ್ನು ಯಾರಾದರೂ ಓದುತ್ತಾರೆಯೇ?

ಮಸಿ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಬೆರಳಿಗೆ ಮೆತ್ತಿದ್ದು ಸೋಪಿಗೂ ಹೋಗಲಿಲ್ಲ.

ಮರುದಿನ ಬೆಳಗ್ಗೆ ಟೈಪು ಮಾಡುತ್ತಿದ್ದಾಗ ಸಾಲಿನ ಎಡಗಡೆಯ ಅಕ್ಷರಗಳು ಕಾಣಲಿಲ್ಲ. ಕನ್ನಡಕ ಒರೆಸಿದ. ಕಣ್ಣು ತೊಳೆದ. ಬಲಗಣ್ಣನ್ನು ಮುಚ್ಚಿ ನೋಡಿದ: ಕಿಟಕಿಯ ಜಾಗದಲ್ಲಿ ಬೂದಿ ಬಣ್ಣದ ಚೌಕ. ಅದರ ಅಂಚಿನಿಂದ ಕಪ್ಪು ಒಳಗೆ ಜಿನುಗುತ್ತಿತ್ತು. ಕೋಣೆಯ ತುಂಬ ಕೂದಲು ಸುಟ್ಟ ವಾಸನೆ. ಕಣ್ಣಿನ ವೈದ್ಯರು ಬೆಳಕು ಬಿಟ್ಟು ನೋಡಿ, "ಕಣ್ಣಲ್ಲಿ ಏನೂ ದೋಷ ಇಲ್ಲವಲ್ಲ," ಎಂದರು. ಹಾಗೆ ಹೇಳಿದಾಗಲೇ ಅವನಿಗೆ ಚಹಾದಂಗಡಿಯ ಹೆಂಗಸಿನ ಮಾತು ನೆನಪಾದದ್ದು. ಗೆಲುವಣ್ಣನಿಗೆ ಫೋನು ಮಾಡಿದರೆ, "ನಿದ್ದೆಗೆಟ್ಟಿದ್ದೀಯ ತಮ್ಮಾ, ಮಲಗು," ಎಂಬ ಉತ್ತರ.

ಬುಧವಾರ ಸಂಜೆಯ ಹೊತ್ತಿಗೆ ಎಡಗಣ್ಣು ಪೂರ್ತಿ ಆರಿತ್ತು. ಅಡುಗೆಮನೆಯ ನೆಲದ ಮೇಲೆ ಕುಳಿತು ಅಕ್ಕನಿಗೆ ಎಲ್ಲ ಹೇಳಿದ. ಅಕ್ಕ ಒಲೆ ಆರಿಸಿದಳು. ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು.

"ಜನ ಆಡ್ಕೊಳ್ಳೋದು ಕೇಳಿದ್ದೆ, ನಂಬಿರಲಿಲ್ಲ ಕಣೋ. ಮೊದಲ ಸಲ ಸೋತಾಗ ಅವನು ಯಾವನೋ ಮಾಟಗಾರನ ಹತ್ರ ಹೋಗಿದ್ನಂತೆ. ಒಬ್ಬರ ಬೆಳಕು ಕೊಟ್ರೆ ಒಂದು ಗೆಲುವು. ನಂಬಿರೋನು ತಾನಾಗೇ ಬರೆದುಕೊಡ್ಬೇಕು. ಆ ಮಸಿ ಅದಕ್ಕೇ."

"ಒಡಹುಟ್ಟಿದವನ ಹಾಗೆ ಅಂದ್ನಲ್ಲ ಅಕ್ಕಾ!"

"ಅಂತಾನೆ. ದರ್ಜಿಗೂ ಅಂದಿದ್ದ." ಅಕ್ಕ ಕಣ್ಣೊರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿದಳು. "ಅರ್ಜಿ ಕಣದಿಂದ ಹೋದ್ರೆ ಮಾಟವೂ ಹೋಗುತ್ತೆ. ನಾಳೆ ಮೂರು ಗಂಟೆವರೆಗೆ ವಾಪಸ್ ತಗೋಬಹುದು. ಅವನ ಒಪ್ಪಿಗೆ ಪತ್ರ ಇದ್ರೆ ಸೂಚಕನೇ ಕೊಡಬಹುದಲ್ವಾ? ಬೂತ್ ಏಜೆಂಟರ ಪತ್ರಗಳಿಗೆ ನಾಳೆ ಬೆಳಗ್ಗೆ ಸಹಿ ಹಾಕಿಸ್ಕೋಬೇಕು ನೀನು. ಆ ಕಟ್ಟಿನ ನಡುವೆ ಇದನ್ನೂ ಸೇರಿಸು. ಅವನು ಓದಲ್ಲ."

ಎಷ್ಟು ಚೆನ್ನಾಗಿ ಯೋಚಿಸಿದ್ದಾಳೆ ಅಕ್ಕ ಎಂದುಕೊಂಡ. ಆ ರಾತ್ರಿ ಸ್ವಲ್ಪ ನಿದ್ದೆಯೂ ಬಂತು.

ಗುರುವಾರ ಬೆಳಗ್ಗೆ ಗೆಲುವಣ್ಣ ಕ್ಷೌರ ಮಾಡಿಸಿಕೊಳ್ಳುತ್ತಾ ಅರವತ್ತು ಕಾಗದಗಳಿಗೆ ಸಹಿ ಗೀಚಿದ. ಮೂವತ್ತನೆಯದು ಒಪ್ಪಿಗೆ ಪತ್ರ, ಮೂವತ್ತೊಂದನೆಯದು ವಾಪಸಿನ ಅರ್ಜಿ. ಟೈಪಿಸ್ಟ್ ಹಾಳೆ ತಿರುವುತ್ತಾ ಹೋದ.

"ಯಾಕೋ, ಮುಖ ಬಾಡಿದೆ?"

"ಕಣ್ಣು ಸ್ವಲ್ಪ ಮಂಜು, ಅಣ್ಣಾ."

ಗೆಲುವಣ್ಣನ ಪೆನ್ನು ಅರೆಗಳಿಗೆ ನಿಂತಿತು. "ಗೆದ್ದ ಮೇಲೆ ದೊಡ್ಡ ಡಾಕ್ಟರಿಗೆ ತೋರಿಸೋಣ ಬಿಡು," ಎಂದ. ಮುಖ ನೋಡಲಿಲ್ಲ. ಸಹಿ ಮುಂದುವರಿಸಿದ. ಟೈಪಿಸ್ಟನಿಗೆ ಉಳಿದಿದ್ದ ಚೂರು ಪಾಪಪ್ರಜ್ಞೆಯೂ ಅಲ್ಲೇ ಕರಗಿತು.

ಎರಡು ಮುಕ್ಕಾಲಿಗೆ ಅವನು ಚುನಾವಣಾಧಿಕಾರಿಯ ಮೇಜಿನ ಮುಂದಿದ್ದ. ಅಕ್ಕ ಹೊರಗೆ ಪಡಸಾಲೆಯಲ್ಲಿ ನಿಂತಿದ್ದಳು. ಬೇಕೆಂದೇ ತಡವಾಗಿ ಬಂದಿದ್ದರು. ಗೆಲುವಣ್ಣನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮೂರು ಹೊಡೆಯಬೇಕು.

"ಗೆಲುವಣ್ಣ ವಾಪಸ್ಸಾ?" ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. ಸಹಿಯನ್ನು ನಾಮಪತ್ರದ ಸಹಿಯ ಪಕ್ಕಕ್ಕಿಟ್ಟು ನೋಡಿದರು. "ಒಮ್ಮೆ ಕೊಟ್ರೆ ಮತ್ತೆ ರದ್ದು ಮಾಡೋಕಾಗಲ್ಲ, ಗೊತ್ತಲ್ವಾ?"

"ಗೊತ್ತು ಸಾರ್."

ಮೊಹರು ಬಿತ್ತು.

ತಟ್ಟನೆ ವಾಸನೆ ನಿಂತಿತು. ಮೂರು ದಿನದ ಮೇಲೆ ಮೊದಲ ಸಲ ಅವನಿಗೆ ಹಳೆಯ ಕಡತಗಳ ಧೂಳಿನ ವಾಸನೆ, ಗುಮಾಸ್ತನ ತಲೆಯೆಣ್ಣೆಯ ವಾಸನೆ ಬಂದವು. ಅಳು ಬರುವಷ್ಟು ಸುಖವಾಯಿತು. ಎಡಗಣ್ಣು ಹಾಗೇ ಕಪ್ಪಾಗಿತ್ತು. ಹೋಗಲಿ. ಒಂದಾದರೂ ಉಳಿಯಿತು.

ಕೈಮುಗಿದು ತಿರುಗಿದ. ಎರಡು ಹೆಜ್ಜೆ ಇಟ್ಟ.

ಕೂದಲು ಸುಟ್ಟ ವಾಸನೆ. ಮತ್ತೆ. ಮೊದಲಿಗಿಂತ ಹತ್ತಿರ.

ಬಲಗಣ್ಣಿನ ಅಂಚಿನಲ್ಲಿ ಬೂದಿ ಉದುರಿತು. ಗೋಡೆಯ ಕ್ಯಾಲೆಂಡರಿನ ಅರ್ಧ ಮಾಯವಾಯಿತು. ಅವನು ಮೇಜಿಗೆ ವಾಪಸ್ ಓಡಿದ.

"ಸಾರ್, ಅವರ ಅರ್ಜಿ ಹೋಯ್ತಲ್ಲಾ? ಪೂರ್ತಿ ಹೋಯ್ತಲ್ಲಾ?"

"ಹೋಯ್ತು ಮಾರಾಯ," ಎಂದ ಗುಮಾಸ್ತ. "ಮೂರು ಪ್ರತೀನೂ ಹೋಯ್ತು."

"ಮೂರಾ? ನಾನು ನಾಲ್ಕಕ್ಕೆ ಸಹಿ ಹಾಕಿದ್ದೆ."

"ನಾಲ್ಕನೇದು ಡಮ್ಮಿ ಅಭ್ಯರ್ಥೀದು, ಅಸಲಿ ಅರ್ಜಿ ಬಿದ್ರೆ ಇರಲಿ ಅಂತ ಹಾಕೋದು. ಅದಕ್ಕೂ ನೀನೇ ಸೂಚಕ." ಗುಮಾಸ್ತ ಹಾಳೆ ತಿರುವಿದ. ಒಣಗದ ಮಸಿ ಮಿರಮಿರ ಮಿನುಗಿತು. "ಗೊತ್ತಿಲ್ವಾ? ನಿಮ್ಮಕ್ಕ. ಈಗ ಪಕ್ಷದ ಅಭ್ಯರ್ಥಿ ಅವರೇ."

ಗಡಿಯಾರದಲ್ಲಿ ಮೂರಕ್ಕೆ ಎಂಟು ನಿಮಿಷ.

ಚೀಲದಲ್ಲಿ ಖಾಲಿ ವಾಪಸಿನ ಅರ್ಜಿ ಇನ್ನೊಂದಿತ್ತು. ಅದನ್ನು ಎಳೆದುಕೊಂಡು ಹೊರಗೆ ಓಡಿದ. ಬಾಗಿಲ ಚೌಕಟ್ಟು ಭುಜಕ್ಕೆ ಹೊಡೆಯಿತು. ಪಡಸಾಲೆ ಕಿರಿದಾಗಿತ್ತು, ಕೊಳವೆಯ ಹಾಗೆ. ಅದರ ತುದಿಯಲ್ಲಿ ಅಕ್ಕ.

"ಅಕ್ಕಾ, ತಪ್ಪಾಗಿದೆ! ನಿನ್ನ ಅರ್ಜೀನೂ ಅದರಲ್ಲಿತ್ತು! ಆ ಮಸೀಲೇ ಹಾಕಿದ್ದೀನಿ! ಸಹಿ ಹಾಕು, ಬೇಗ!"

ಅಕ್ಕ ಕಾಗದ ತೆಗೆದುಕೊಂಡಳು. ಪೆನ್ನನ್ನೂ ತೆಗೆದುಕೊಂಡಳು. ಅವಳು ಬೆಚ್ಚಿಬೀಳಲಿಲ್ಲ. ಅದನ್ನು ಅವನು ನೋಡಿದ. ಬಹುಶಃ ಕೊನೆಯದಾಗಿ ಸ್ಪಷ್ಟವಾಗಿ ನೋಡಿದ್ದು ಅದೇ.

"ನಿಂಗೆ ಗೊತ್ತಿತ್ತು."

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು.

"ಅಕ್ಕಾ, ಐದು ನಿಮಿಷ ಇದೆ!"

"ಹತ್ತು ವರ್ಷ ಅವನ ಚೀಟಿ ಹಂಚಿದೆ ಪುಟ್ಟಾ. ಮುಂದಿನ ಸಲ ನಿಂಗೇ ಟಿಕೆಟ್ ಅಂದ. ಪ್ರತಿ ಸಲ ಅಂದ. ಕೊನೆಗೆ ಡಮ್ಮಿ ಮಾಡಿದ." ಅವಳ ದನಿ ಒಡೆಯಿತು. "ನಂಗೂ ಒಂದು ಸಲ ಗೆಲ್ಬೇಕು ಕಣೋ."

"ನನ್ನ ಕಣ್ಣೇ ಬೇಕಿತ್ತಾ?"

"ಇನ್ಯಾರ ಹತ್ರ ಹಾಕಿಸ್ಲಿ?" ಅಕ್ಕ ಅಳುತ್ತಿದ್ದಳು. ನಿಜವಾಗಿಯೂ ಅಳುತ್ತಿದ್ದಳು. "ನನ್ನ ನಂಬೋನು ನೀನೊಬ್ಬನೇ."

ಅವನು ಕಾಗದಕ್ಕೆ ಕೈ ಹಾಕಿದ. ಸಿಗಲಿಲ್ಲ. ಗಾಳಿ ಸಿಕ್ಕಿತು. ಅವಳ ಮಣಿಕಟ್ಟು ಸಿಕ್ಕಿತು. ಬೇಡಿದ. ಬೈದ. ಕಾಲು ಹುಡುಕಿ ಬಿದ್ದ. ತಲೆಯ ಮೇಲೆ ಕಾಗದ ಹರಿಯುವ ಸದ್ದು. ಉದ್ದಕ್ಕೆ. ಅಡ್ಡಕ್ಕೆ. ಚೂರುಗಳು ಕೆನ್ನೆಗೆ ತಾಗಿ ಜಾರಿದವು. ಬಿಳಿ ಚೂರುಗಳೇ ಇರಬೇಕು. ಕಪ್ಪಾಗಿದ್ದವು. ನೆಲ ಕಪ್ಪಾಗಿತ್ತು. ಅಕ್ಕ ಕಪ್ಪಾಗಿದ್ದಳು.

ಒಳಗೆ ಗಡಿಯಾರ ಮೂರು ಹೊಡೆಯಿತು. ಗುಮಾಸ್ತ ಬಾಗಿಲು ಹಾಕಿದ.

ಮೆಟ್ಟಿಲ ಕೆಳಗೆ ಜನ ಸೇರುವ ಗುಜುಗುಜು. ಯಾರೋ ಅಕ್ಕನ ಹೆಸರಲ್ಲಿ ಜೈಕಾರ ಕೂಗಿದರು. ಅಕ್ಕ ಮೂಗು ಸೀಟಿಕೊಂಡಳು. ಬಾಗಿ ಅವನನ್ನು ಎಬ್ಬಿಸಿದಳು. ಅಂಗಿಯ ಧೂಳು ಕೊಡವಿದಳು. ಕಾಲರು ಸರಿಮಾಡಿದಳು.

"ಮೆಲ್ಲಗೆ. ಮೆಟ್ಟಿಲು ಬಂತು," ಎಂದಳು.

ಹೂವಿನ ಹಾರದ ವಾಸನೆ ಹತ್ತಿರವಾಯಿತು. ಕ್ಯಾಮೆರಾಗಳು ಟಕಟಕ ಎನ್ನತೊಡಗಿದವು.

"ಅಕ್ಕಾ, ತಮ್ಮನ ಜೊತೆ ಒಂದು ಫೋಟೋ!" ಯಾರೋ ಕೂಗಿದರು. "ನೀವು, ಸಾರ್! ಇಲ್ಲಿ, ಈ ಕಡೆ ನೋಡಿ!"

ಅವನು ದನಿ ಬಂದ ಕಡೆಗೆ ಮುಖ ತಿರುಗಿಸಿದ.